ಗೋಡೆಗೆ ಒರಗಿದ ಗುಳ್ಳವ್ವ

ಹಸಿಮಣ್ಣಿನ ಮುದ್ದೆಯನ್ನು ಹೊಳೆವ್ವನ ಮುಂದೆ ಇಡುವಾಗ ಶಿಕ್ಷಕಿ ಸುಲಭಾ ಮತ್ತೊಮ್ಮೆ ಬಾಗಿಲ ಕಡೆ ನೋಡಿದಳು. ಮುಖ್ಯಾಧ್ಯಾಪಿಕೆ ಅಂಬಾಬಾಯಿ ಇನ್ನೂ ಬಂದಿರಲಿಲ್ಲ. ಆಷಾಢದ ಮಂಗಳವಾರ ಹುಬ್ಬಳ್ಳಿಯ ಓಣಿಗಳಲ್ಲಿ ಹುಡುಗಿಯರು ಮಣ್ಣಿನ ಗುಳ್ಳವ್ವನನ್ನು ಮಾಡಿ, ಒಬ್ಬಳು ಹಾಡಿದ್ದನ್ನು ಉಳಿದವರು ತಿರುಗಿ ಹಾಡುತ್ತ ಮನೆಮನೆಗೆ ಹೋಗುವುದುಂಟು. ಅದನ್ನೇ ಶಾಲೆಯೊಳಗೆ ಮಾಡಿಸಬೇಕೆಂದು ಸುಲಭಾ ವಾರವೆಲ್ಲ ಯೋಚಿಸಿದ್ದಳು. ಅದರಿಂದ ಏನೇನು ಕೆಡಬಹುದೆಂದು ಇನ್ನೂ ಹೆಚ್ಚು ಯೋಚಿಸಿದ್ದಳು.

ಯುಗಾದಿಯ ಹಿಂದೆಮುಂದೆ ಶಿರಗುಪ್ಪಿಯಲ್ಲಿ ತಾಯಿ ತೀರಿಕೊಂಡಾಗ ಹೊಳೆವ್ವ ಉಣಕಲ್ಲಿನ ಅಜ್ಜಿಯ ಮನೆಯಲ್ಲಿ ಜ್ವರದಿಂದ ಮಲಗಿದ್ದಳು. ಎಲ್ಲ ಮುಗಿದ ಮೇಲೆ ಅವಳಿಗೆ ಹೇಳಿದರು. ಅವಳು ಅಳಲಿಲ್ಲ. ಅಂದಿನಿಂದ ಮಾತೂ ಇಲ್ಲ. ಪಾಠ ಓದು ಎಂದರೆ ಎದ್ದು ನಿಂತು ಪುಸ್ತಕ ಹಿಡಿಯುವಳು, ಅಷ್ಟೇ. ಗುರುವಾರ ಇನ್‌ಸ್ಪೆಕ್ಟರು ಬರುವವರಿದ್ದರು. ಬಾಯಿ ಬಿಡದ ಹುಡುಗಿಯನ್ನು ಅವರ ಮುಂದೆ ನಿಲ್ಲಿಸುವುದು ಬೇಡ, ಹೆಸರು ತೆಗೆದುಬಿಡೋಣ ಎಂದು ಅಂಬಾಬಾಯಿ ಇಂದೇ ಅಜ್ಜಿಯನ್ನು ಕರೆಸಿದ್ದರು. ಅಜ್ಜಿ ಗುಡ್ಡವ್ವನೂ ಬೇಡವೆಂದಿರಲಿಲ್ಲ. ಎಮ್ಮೆ ಕಾಯಲು ಮಾತು ಬೇಕಾಗುವುದಿಲ್ಲ ಎಂದಿದ್ದಳಂತೆ.

"ಬಾಯಾರ, ಹೊಳೆವ್ವ ಬಾಯಿಗೆ ಕೀಲಿ ಹಾಕಿ ಚಾವಿ ಉಣಕಲ್ ಕೆರಿಗೆ ಒಗದಾಳ್ರಿ," ಎಂದಳು ಮುಂದಿನ ಸಾಲಿನ ಕಾಶಿ. ಹುಡುಗಿಯರು ನಕ್ಕರು. ಸುಲಭಾಳಿಗೂ ನಗು ಬಂತು, ಕೂಡಲೇ ನಾಚಿಕೆಯೂ ಆಯಿತು. ಆದರೆ ಹೊಳೆವ್ವ ಕೇಳಿಸಿಕೊಂಡಿರಲಿಲ್ಲ. ಅವಳ ಬೆರಳುಗಳು ಮಣ್ಣಿನೊಳಗೆ ಓಡಾಡುತ್ತಿದ್ದವು.

ಉಳಿದವರೆಲ್ಲ ತಮ್ಮ ಗುಳ್ಳವ್ವರನ್ನು ನಡುಮನೆಯಲ್ಲಿಡುವಂತೆ ಕೋಣೆಯ ನಡುವೆ ಇಟ್ಟರು. ಹೊಳೆವ್ವ ಮಾತ್ರ ತನ್ನದನ್ನು ಗೋಡೆಗೆ ಒರಗಿಸಿ ಕೂರಿಸಿದಳು. ಸೀಮೆಸುಣ್ಣದ ಪುಡಿಯನ್ನು ಹಣೆಗೆ ವಿಭೂತಿಯಂತೆ ಎಳೆದಳು. ಅಂಗಳದಿಂದ ಕಣಗಿಲೆ ಹೂವು ತಂದು ಕೊರಳಿನವರೆಗೆ ಒಟ್ಟಿದಳು. ಇಷ್ಟು ದಿನ ಏನನ್ನೂ ಮುಟ್ಟದ ಹುಡುಗಿ ಇಷ್ಟು ಮಾಡಿದ್ದನ್ನು ಕಂಡು ಸುಲಭಾ ಹಿಗ್ಗಿಹೋದಳು. ಇವತ್ತು ಹೊಳೆವ್ವನ ಗುಳ್ಳವ್ವನೇ ಎಲ್ಲರ ಗುಳ್ಳವ್ವ, ಸುತ್ತ ಕುಳಿತುಕೊಳ್ಳಿ, ಅವಳು ಹಾಡಿದಂತೆ ಹಾಡಿ ಎಂದು ಹುಡುಗಿಯರಿಗೆ ಹೇಳಿದಳು.

ಹೊಳೆವ್ವ ಗೊಂಬೆಯ ತೊಡೆಯ ಮೇಲೆ ಅಂಗೈ ಇಟ್ಟಳು. ಆಮೇಲೆ ಒಡಕು ದನಿಯಲ್ಲಿ ಎಳೆದಳು:

"ನಾ ಬರೂಮಟ ಕುಂತಿರಬಾರದಿತ್ತೇನ, ನನ್ನವ್ವ..."

"ನಾ ಬರೂಮಟ ಕುಂತಿರಬಾರದಿತ್ತೇನ, ನನ್ನವ್ವ," ಎಂದು ಹುಡುಗಿಯರು ಹುರುಪಿನಿಂದ ತಿರುಗಿ ಹಾಡಿದರು.

"ಹೂವಿನಾಗ ಮಾರಿ ಮುಚಗೊಂಡು ಹ್ವಾದೇನ, ನನ್ನವ್ವ..."

ಸುಲಭಾಳಿಗೆ ಆಗ ಹೊಳೆಯಿತು. ತಂದೆಯ ಮನೆಯ ಮಾಳಿಗೆಯಿಂದ ಅವಳು ನೋಡಿದ್ದಳು: ಹೊಳೆವ್ವನ ಜನ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹೂವು ಹಾಕಿ, ಗೋಡೆಗೆ ಕೂರಿಸುತ್ತಾರೆ. ಹೆಂಗಸರು ಎದುರಿಗೆ ಕುಳಿತು ಹಾಡಿಕೊಂಡು ಅಳುತ್ತಾರೆ. ಹುಡುಗಿಯರಿಗೆ ಅದು ಹೊಳೆದಿರಲಿಲ್ಲ. ಹೊಸ ಗುಳ್ಳವ್ವನ ಹಾಡೆಂದು ತಿಳಿದು ಒಂದೊಂದು ಸಾಲನ್ನೂ ತುಂಬುಗಂಟಲಿನಿಂದ ಮರಳಿಸುತ್ತಿದ್ದರು. ಎಲ್ಲರಿಗಿಂತ ಗಟ್ಟಿ ದನಿ ಕಾಶಿಯದು. ಅವರು ಮರಳಿಸಿದಷ್ಟೂ ಹೊಳೆವ್ವನಿಗೆ ಮುಂದಿನ ಸಾಲು ಬರುತ್ತಿತ್ತು, ಅದರೊಡನೆ ಕಣ್ಣೀರೂ.

ಬಾಗಿಲಲ್ಲಿ ಅಂಬಾಬಾಯಿ ನಿಂತಿದ್ದರು. ಅವರ ಹಿಂದೆ ಗುಡ್ಡವ್ವ.

"ಸುಲಭಾ, ಸಾಲ್ಯಾಗ ಇದೇನು ಅಪಶಕುನ? ನಿಲ್ಲಸು ಮೊದಲ."

ಸುಲಭಾ ಎದ್ದಳು. ಈ ನೌಕರಿಗೆ ಸೇರಿದಂದಿನಿಂದ ಅವರ ಮಾತಿಗೆ ಅವಳು ಎದುರಾಡಿದ್ದಿಲ್ಲ. ಹೋಗಿ ಹೊಸ್ತಿಲ ಮೇಲೆ ಅಡ್ಡ ನಿಂತಳು.

"ತಡೀರಿ ಬಾಯಾರ," ಎಂದಳು ಮೆಲ್ಲಗೆ. "ಆಕಿ ಅಳೂದು ಮುಗೀಲಿ."

ಅಂಬಾಬಾಯಿ ಏನೋ ಹೇಳಲು ಹೋದರು. ಅಷ್ಟರಲ್ಲಿ ಗುಡ್ಡವ್ವ ಇಬ್ಬರ ನಡುವೆ ನುಸುಳಿ ಒಳಗೆ ಹೋಗಿ ಮೊಮ್ಮಗಳ ಪಕ್ಕ ಕುಳಿತಳು. ಸೆರಗು ಬಾಯಿಗೆ ಒತ್ತಿ ಗೊಂಬೆಯನ್ನೇ ನೋಡಿದಳು.

"ನಾನ ನಿನ್ನ ಕರಕೊಂಡು ಹೋಗಲಿಲ್ಲಬೇ," ಎಂದಳು. "ಮೈ ಸುಡತಿತ್ತು ನಿಂದು. ಮಗಳಂತೂ ಹೋದ್ಲು, ನಿನ್ನೂ ಎಲ್ಲಿ ಕಳಕೊಳ್ಳಲಿ ಅಂತ ಅಂಜಿದ್ನಿ."

ಹೊಳೆವ್ವ ಅಜ್ಜಿಯ ತೊಡೆಯಲ್ಲಿ ಮುಖವಿಟ್ಟಳು. ಆಗಲೇ ಹುಡುಗಿಯರಿಗೆ ಅರ್ಥವಾಯಿತು. ಹಾಡು ನಿಂತಿತು. ಕಾಶಿ ಮಾತ್ರ, ಯಾರೂ ಹೇಳದೆಯೇ, ಕೊನೆಯ ಸಾಲನ್ನು ಇನ್ನೊಮ್ಮೆ ಸಣ್ಣ ದನಿಯಲ್ಲಿ ಹಾಡಿ ಮುಗಿಸಿದಳು.

ಗೊಂಬೆಯನ್ನು ಹಾಗೆಯೇ ಬಿಡುವಂತಿಲ್ಲ, ಮಣ್ಣು ಕೊಡಬೇಕು ಎಂದಳು ಗುಡ್ಡವ್ವ. ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ತಗ್ಗು ತೋಡಿದರು. ಹೊಳೆವ್ವ ಗೊಂಬೆಯನ್ನು ಅದರೊಳಗೆ ಕೂರಿಸಿದಳು, ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಅಂಬಾಬಾಯಿ ಮೆಟ್ಟಿಲ ಮೇಲೆಯೇ ನಿಂತಿದ್ದರು. ಕೊನೆಗೆ ಚಪ್ಪಲಿ ಕಳಚಿ ಬಂದು, ಬಗ್ಗಿ, ಅವರೂ ಒಂದು ಹಿಡಿ ಹಾಕಿದರು.

"ಇನ್‌ಸ್ಪೆಕ್ಟರು ಗುರುವಾರ ಬರ್ತಾರ," ಎಂದರು ಗುಡ್ಡವ್ವನಿಗೆ, ಬೇರೆಲ್ಲೋ ನೋಡುತ್ತ. "ಹುಡುಗಿಗೆ ಎಣ್ಣಿ ಹಚ್ಚಿ ಹೆರಳು ಹಾಕಿ ಕಳಸ್ರಿ."

ಬಾವಿಯ ಹತ್ತಿರ ಹೊಳೆವ್ವ ತಂಬಿಗೆ ಹಿಡಿದು ಎಲ್ಲರ ಕೈಗೂ ನೀರು ಹಾಕುತ್ತಿದ್ದಳು. ಕಾಶಿ ಎರಡನೆಯ ಸಲ ಕೈ ಒಡ್ಡಿದಳು.

"ನಿಂದ ಆತಲ್ಲ, ಸರಿ ಅತ್ಲಾಗ," ಎಂದಳು ಹೊಳೆವ್ವ.

ಕಾಶಿ ಸರಿದಳು. ಸಾಲಿನಲ್ಲಿ ಅವಳ ಹಿಂದೆ ಅಂಬಾಬಾಯಿ ನಿಂತಿದ್ದರು, ಮಣ್ಣಾದ ಎರಡೂ ಕೈಗಳನ್ನು ಮುಂದೆ ಚಾಚಿಕೊಂಡು.