ಹದಿನೆಂಟು ಕುರಿ, ಹನ್ನೆರಡು ಮಂದಿ

ಉನಾ ಪೆಟಿಫರ್ ಹಟ ಹಿಡಿದರೆ ವರಿಂಗಾ ಊರಿನಲ್ಲಿ ಅವಳನ್ನು ಅಲ್ಲಾಡಿಸುವವರು ಯಾರೂ ಇರಲಿಲ್ಲ. ಸಿಡ್ನಿಯಿಂದ ಬಂದಿದ್ದ ಅವಳ ವಕೀಲ ಲೆನಾಕ್ಸ್‌ಗೆ ಪಾಪ ಇದು ಗೊತ್ತಿರಲಿಲ್ಲ.

"ನೋಡೀಮ್ಮಾ, ಮ್ಯಾಜಿಸ್ಟ್ರೇಟ್ ಮುಂದೆ ತಪ್ಪಾಯ್ತು ಅಂದ್ಬಿಡಿ. ದಂಡ ಹಾಕಿ ಮನೆಗೆ ಕಳಿಸ್ತಾರೆ. ಜ್ಯೂರಿ ಕೇಳಿ ಸೋತ್ರೆ ಮೂರು ವರ್ಷ ಜೈಲು."

"ಮಾಡದ ತಪ್ಪು ಒಪ್ಕೊಂಡು, ಕುರಿಗಳ್ಳಿ ಅನ್ನಿಸ್ಕೊಂಡು ಈ ಊರಲ್ಲಿ ಬ್ರೆಡ್ ತಗೊಳ್ಳೋಕೆ ಹೋಗ್ಲಾ? ಆ ಮ್ಯಾಜಿಸ್ಟ್ರೇಟು ಭಾನುವಾರ ಉಣ್ಣೋದು ದೂರು ಕೊಟ್ಟ ಆ ಸ್ಟ್ರಾಂಗ್ ಮನೇಲಿ. ನಂಗೆ ತೀರ್ಪು ಹೇಳೋಕೆ ಜ್ಯೂರಿಯ ಹನ್ನೆರಡು ಜನ ಬೇಕು. ಅದು ನನ್ನ ಹಕ್ಕು ಹೌದೋ ಅಲ್ವೋ?"

"ಹಕ್ಕೇನೋ ಹೌದು..."

"ಹಾಗಾದ್ರೆ ಬರ್ಕೊಳ್ಳಿ."

ಹೆಕ್ಟರ್ ಸ್ಟ್ರಾಂಗ್‌ಗೆ ನಲವತ್ತು ಸಾವಿರ ಕುರಿಗಳಿದ್ದವು. ಇರದಿದ್ದದ್ದು ವಿಧವೆ ಉನಾಳ ಜಮೀನಿನಲ್ಲಿ ಹರಿಯುವ ತೊರೆ ಮಾತ್ರ. ಅವಳು ಮಾರಲು ಒಪ್ಪದ ವರ್ಷವೇ, ತನ್ನ ಹದಿನೆಂಟು ಹೆಣ್ಣು ಕುರಿಗಳು ಅವಳ ದೊಡ್ಡಿಯಲ್ಲಿವೆ ಎಂದು ಅವನು ದೂರು ಕೊಟ್ಟ. ಕುರಿಗಳ ಒಂದು ಕಿವಿಯ ತುದಿಯಲ್ಲಿ ಕವಲು ಸೀಳಿತ್ತು, ಅದು ಸ್ಟ್ರಾಂಗ್‌ನ ಗುರುತು. ಇನ್ನೊಂದರಲ್ಲಿ ಅರ್ಧಚಂದ್ರವಿತ್ತು, ಅದು ಉನಾಳದು. ಕದ್ದ ಮೇಲೆ ತನ್ನ ಗುರುತು ಕೊಯ್ದಿದ್ದಾಳೆ ಎಂದರು ಪೊಲೀಸರು. ಕೇಳಿದವರಿಗೆ ಹೌದಲ್ಲ ಅನ್ನಿಸುವಂಥ ಮಾತು.

ಆ ಸೀಮೆಯಲ್ಲಿ ಒಡೆಯನ ಗುರುತು ಹೆಣ್ಣು ಕುರಿಗೆ ಒಂದು ಕಿವಿಗೆ, ಗಂಡಿಗೆ ಇನ್ನೊಂದಕ್ಕೆ. ಉಳಿದ ಕಿವಿಯಲ್ಲಿ ಹುಟ್ಟಿದ ವರ್ಷ ತಿಳಿಯಲು ಬೇರೊಂದು ಸೀಳು ಹಾಕುತ್ತಾರೆ. ಕವಲು ತನ್ನ ಕುರಿಗಳ ವರ್ಷದ ಸೀಳು ಎಂದು ಉನಾ ಪೊಲೀಸರಿಗೆ ಹೇಳಿದಳು, ಲೆನಾಕ್ಸ್‌ಗೂ ಹೇಳಿದಳು. ಪಟ್ಟಣದವರಿಗೆ ಯಾವ ಕಿವಿಯಾದರೇನು, ಕಿವಿ ಕಿವಿಯೇ. ಲೆನಾಕ್ಸ್ ನ್ಯಾಯಾಲಯದಲ್ಲಿ ಅದನ್ನು ಒಮ್ಮೆ ಗೊಣಗಿ ಕೂತುಬಿಟ್ಟ.

ಕಟಕಟೆಯಲ್ಲಿ ನಿಂತ ಉನಾಗೆ ಆಗ ನಿಜವಾಗಿ ಹೆದರಿಕೆಯಾಯಿತು. ಜ್ಯೂರಿ ಪೀಠದಲ್ಲಿ ಹನ್ನೆರಡು ಗಂಡಸರು ಮುಖ ಬಿಗಿದುಕೊಂಡು ಕೂತಿದ್ದರು. ಹೆಂಗಸರನ್ನು ಅಲ್ಲಿ ಇನ್ನೂ ಕೂರಿಸುತ್ತಿರಲಿಲ್ಲ. ಅದರ ಬಗ್ಗೆ ಅವಳಿಗೆ ಹೇಳುವುದು ಬೇಕಾದಷ್ಟಿತ್ತು, ಆದರೆ ಅವತ್ತು ಬಾಯಿ ಒಣಗಿತ್ತು.

ಅಷ್ಟರಲ್ಲಿ ಜ್ಯೂರಿಯಿಂದ ನ್ಯಾಯಾಧೀಶರಿಗೆ ಒಂದು ಚೀಟಿ ಹೋಯಿತು. ಕುರಿಗಳನ್ನು ಕಣ್ಣಾರೆ ನೋಡಬೇಕಂತೆ. ನ್ಯಾಯಾಧೀಶರು ಒಪ್ಪಿ ಎಲ್ಲರನ್ನೂ ಕುರಿಗಳನ್ನು ದೊಡ್ಡಿಯಲ್ಲಿ ಕೂಡಿದ್ದ ಹಿಂದಿನ ಅಂಗಳಕ್ಕೆ ಕರೆದೊಯ್ದರು. ಜ್ಯೂರಿಯವರು ಅಲ್ಲಿ ಮಾತಾಡುವಂತಿರಲಿಲ್ಲ. ಆದರೆ ಅವರಲ್ಲೊಬ್ಬ ಉಣ್ಣೆ ಕತ್ತರಿಸುವವನು. ಕುರಿ ಕಂಡರೆ ಅವನ ಕೈ ಸುಮ್ಮನಿದ್ದೀತೇ? ಹತ್ತಿರದ್ದನ್ನು ಎಳೆದು, ಅಂಡು ಊರಿಸಿ ತನ್ನ ಮೊಣಕಾಲುಗಳ ನಡುವೆ ಕೂರಿಸಿಯೇ ಬಿಟ್ಟ.

"ರೀ ರೀ, ಸಾಕ್ಷ್ಯಾನ ಮುಟ್ಬೇಡ್ರೀ!" ಎಂದು ಪೊಲೀಸಪ್ಪ ಕೂಗಿಕೊಂಡ.

ಉಣ್ಣೆಯವನು ಹೆಣ್ಣೇ ಹೌದೋ ಎಂದು ಕುರಿಯ ಕೆಚ್ಚಲು ನೋಡಿದ, ಕವಲಿದ್ದ ಕಿವಿ ನೋಡಿದ. ಆಮೇಲೆ ಉಳಿದ ಹನ್ನೊಂದು ಜನರ ಕಡೆ ತಿರುಗಿ ಹುಬ್ಬು ಏರಿಸಿದ.

ಒಳಗೆ ಬಂದದ್ದೇ ಎರಡನೇ ಚೀಟಿ. ನ್ಯಾಯಾಧೀಶರು ಅದನ್ನು ಸ್ಟ್ರಾಂಗ್‌ನ ಮೇಲ್ವಿಚಾರಕ ರಸ್ಕ್‌ಗೆ ಓದಿ ಹೇಳಿದರು. "ನಿಮ್ಮಲ್ಲಿ ಹೆಣ್ಣು ಕುರಿಗೆ ಗುರುತು ಹಾಕೋದು ಯಾವ ಕಿವಿಗೆ? ಇವುಗಳಲ್ಲಿ ಕವಲಿರೋದು ಯಾವ ಕಿವೀಲಿ?"

ರಸ್ಕ್ ತನ್ನ ಧಣಿಯ ಕಡೆ ನೋಡಿದ. ಧಣಿ ಚಾವಣಿ ನೋಡುತ್ತಿದ್ದ.

"ಅದು... ಇವುಗಳಲ್ಲಿ... ಗಂಡಿಗೆ ಗುರುತು ಹಾಕೋ ಕಿವೀಲಿದೆ, ಸ್ವಾಮಿ."

"ಅದರಿಂದೇನಾಯ್ತು?" ಎಂದ ಸರ್ಕಾರಿ ವಕೀಲ. ಇಡೀ ಕೋಣೆ ಗೊಳ್ಳೆಂದು ನಕ್ಕಿತು.

"ನೀವು ಕೂತ್ಕೊಳ್ಳೋದು ಒಳ್ಳೇದು," ಎಂದರು ನ್ಯಾಯಾಧೀಶರು.

ಜ್ಯೂರಿ ಒಳಗೆ ಹೋಗಿ ಒಂದು ಗಂಟೆ ಕೂತಿತು. ಹೊರಬಂದ ಹನ್ನೆರಡು ಜನರೂ ನೇರವಾಗಿ ಅವಳ ಮುಖ ನೋಡಿದರು.

"ತಪ್ಪಿತಸ್ಥಳಲ್ಲ. ಎಲ್ಲರದ್ದೂ ಒಂದೇ ಮಾತು."

ಉನಾ ಅತ್ತಳು. ಗಂಡ ಸತ್ತಾಗಲೂ ಊರಿನ ಎದುರು ಅಳದವಳು ಗಳಗಳನೆ ಅತ್ತಳು.

ಅಂಗಳದಲ್ಲಿ ಉಣ್ಣೆಯವನು ಸಿಕ್ಕಿದ. "ಒಂದು ಗಂಟೆ ನನ್ನ ಪ್ರಾಣ ತಿಂದ್ರಲ್ರೋ!" ಎಂದು ಅವಳು ಬೈದಳು.

"ಎರಡೇ ನಿಮಿಷದಲ್ಲಿ ಮುಗೀತು ಕಣಕ್ಕಾ. ಆದ್ರೆ ಸರ್ಕಾರದ್ದು ಬಿಟ್ಟಿ ಊಟ, ಬಿಟ್ಬರೋಕಾಗುತ್ತಾ?"

ಅವಳು ಕಣ್ಣೊರೆಸಿಕೊಂಡು ದೊಡ್ಡಿಯ ಅಗುಳಿ ತೆಗೆದಳು.

"ಮೇಡಂ, ಹಿಂದಿನ ಓಣೀಲಿ ಹೊಡ್ಕೊಂಡು ಹೋಗಿ," ಎಂದ ಪೊಲೀಸಪ್ಪ.

"ಕದ್ದ ಮಾಲಾಗಿದ್ರೆ ಹಾಗೇ ಹೋಗ್ತಿದ್ದೆ," ಎಂದವಳೇ ಉನಾ ಕುರಿಗಳನ್ನು ಪೇಟೆಬೀದಿಯ ನಟ್ಟನಡುವೆ ಹೊಡೆದಳು. ಎದುರಿಗೆ ಬಂದ ಸ್ಟ್ರಾಂಗ್‌ನ ದೊಡ್ಡ ಕಾರು ನಿಂತಿತು. ಹಾರ್ನ್ ಬಾರಿಸಿದ. ಅವಳು ತಿರುಗಿಯೂ ನೋಡಲಿಲ್ಲ. ಹದಿನೆಂಟನೆಯ ಕುರಿ ದಾಟುವ ತನಕ ಅವನು ಕಾಯಬೇಕಾಯಿತು.