ಇಡೀ ಊರಿಗೆ ಒಂದೇ ಬೆನ್ನು

"ಇನ್ನೂ ಬಗ್ಗಲೇ, ನನ್ಮಗನೇ! ಈಗ ರಜಾ ಕೇಳೋವಾಗ ಎಷ್ಟು ಚೆನ್ನಾಗಿ ಬಗ್ಗಿದ್ದೆ! ಅದೇ ಬೇಕು ನಂಗೆ."

ಗೂನ ಇನ್ನೂ ಬಗ್ಗಿದ. ಮ್ಯಾನೇಜರು ಮೊಬೈಲ್ ಹಿಡಿದು ವಿಡಿಯೋ ತೆಗೆಯುತ್ತಿದ್ದ. ಕಾರ್ಟೂನ್ ಸಿನಿಮಾ ಮಾಡುವ ಕಂಪನಿ ಅದು. ಅಲ್ಲಿ ಬೊಂಬೆಯನ್ನು ಅಳಿಸಬೇಕಾದವನು ಮೊದಲು ತಾನೇ ಅತ್ತು, ಆ ವಿಡಿಯೋ ನೋಡಿಕೊಂಡು ಬೊಂಬೆಯನ್ನು ಅಳಿಸುತ್ತಾನೆ. ಕಂಪ್ಯೂಟರಿನ ಮುಂದೆ ಕೂತೂ ಕೂತೂ ಬೆನ್ನು ಬಾಗಿದ್ದಕ್ಕೆ ಇವನಿಗೆ ಗೂನ ಅಂತಲೇ ಹೆಸರು ಬಿದ್ದಿತ್ತು. ಹೆಂಡತಿಯ ಹೊಟ್ಟೆಯ ಗಡ್ಡೆ ತೆಗೆಸಬೇಕೆಂದು ರಜಾ ಕೇಳಲು ಬಂದವನು ಕೈಮುಗಿದು ಬಗ್ಗಿದ್ದೇ ತಪ್ಪಾಯಿತು. ಮ್ಯಾನೇಜರು ಹುಡುಕುತ್ತಿದ್ದ ನಟನೆ ಕಾಲಬುಡದಲ್ಲೇ ಸಿಕ್ಕಿಬಿಟ್ಟಿತು.

"ಕಣ್ಣಲ್ಲಿ ನೀರು ಯಾಕೋ, ಮುಂಡೇದೇ? ರಾಜಕುಮಾರಿ ಮುಂದೆ ಪ್ರಜೆಗಳು ಖುಷಿಯಾಗಿ ಬಗ್ಗೋದು. ಹಲ್ಲು ಬಿಡು."

ಗೂನ ಹಲ್ಲು ಬಿಟ್ಟ. ಗಾಜಿನ ಗೋಡೆಯಾಚೆ ಕೂತಿದ್ದವರೆಲ್ಲ ನಕ್ಕರು. ನಗದಿದ್ದರೆ ನಾಳೆ ತಾವೇ ಬಗ್ಗಬೇಕಾದೀತು ಎಂಬ ಹೆದರಿಕೆ ಅವರಿಗೆ. ಹೋದ ಸಲ ಇನ್ನೊಬ್ಬನನ್ನು ಕಪ್ಪೆಯಂತೆ ಕುಪ್ಪಳಿಸುವ ಹಾಗೆ ಮಾಡಿದಾಗ ಗೂನನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

"ಸರ್, ರಜಾ..."

"ನಿನ್ನ ಹೆಂಡ್ತಿ ಹೊಟ್ಟೆ ಎಲ್ಲಿಗೆ ಓಡೋಗುತ್ತೆ? ಸಾಯಂಕಾಲ ದುಡ್ಡು ಹಾಕಿರೋ ಹೊರಗಿನೋರಿಗೆ ಈ ಸೀನ್ ತೋರಿಸ್ಬೇಕು. ನಾಳೆಯಿಂದ ಅವರು ಹೇಳಿದ ತಿದ್ದುಪಡಿ ಮಾಡ್ಬೇಕು. ದಿನಾ ಆ ಹಾಡು ಕೇಳ್ತೀಯಲ್ಲೋ, ತಲೆಗೆ ಹೋಗಿಲ್ವಾ? ಪ್ರೀತಿಗಿಂತ ಕರ್ತವ್ಯ ದೊಡ್ಡದು ಕಣೋ!"

ಹಾಡು ಹೇಳುವುದು ಅದನ್ನೇ. ಸಿನಿಮಾದ ಮೊದಲ ಭಾಗದಲ್ಲಿ ರಾಜಕುಮಾರಿ ಅರಮನೆಯ ಗೋಡೆ ಹಾರಿ, ಹಾಯಿದೋಣಿಯವನ ಜೊತೆ ಹಾಡುತ್ತಾ ಸಮುದ್ರಕ್ಕೆ ಹೊರಟಿದ್ದಳು. ಈಗ ತಯಾರಾಗುತ್ತಿರುವ ಎರಡನೆಯ ಭಾಗಕ್ಕೆ ಬರುವಷ್ಟರಲ್ಲಿ ಅವಳಿಗೆ ಬುದ್ಧಿ ಬಂದಿತ್ತು. ಬಿರುಗಾಳಿ, ತಿಮಿಂಗಿಲ, ಶತ್ರುಹಡಗು ಎಲ್ಲವನ್ನೂ ದಾಟಿ, ದೋಣಿಯವನನ್ನು ದ್ವೀಪದಲ್ಲಿ ಬಿಟ್ಟು ವಾಪಸು ಬಂದು, ಉಪ್ಪರಿಗೆಯ ಮೇಲೆ ನಿಂತು ಕರ್ತವ್ಯದ ಹಾಡು ಹೇಳುತ್ತಾಳೆ. ಕೆಳಗೆ ನೆರೆದ ಊರಿಗೆ ಊರೇ ಬಗ್ಗಬೇಕು.

ಮೊದಲ ಭಾಗದ ಹೊತ್ತಿಗೆ ಆ ದೋಣಿಯ ಹಾಯಿಗೆ ಬಣ್ಣ ತುಂಬುತ್ತಿದ್ದವಳೇ ಗೂನನ ಹೆಂಡತಿಯಾದಳು. ಆಗ ಅವನ ಬೆನ್ನು ನೆಟ್ಟಗಿತ್ತು, ಕಂಪನಿಯಲ್ಲಿ ಅವಳಿಗೂ ಒಂದು ಕುರ್ಚಿಯಿತ್ತು. ಸಿನಿಮಾ ಓಡಿತು, ಕುರ್ಚಿ ಹೋಯಿತು.

ಅವನು ತನ್ನ ಜಾಗಕ್ಕೆ ಬಂದು ಕೂತ. ಒಬ್ಬ ಪ್ರಜೆ ಬಗ್ಗುವುದನ್ನು ಮಾಡಿಕೊಟ್ಟರೆ ಸಾಕು, ಮಿಕ್ಕವರಿಗೆಲ್ಲ ಕಂಪ್ಯೂಟರು ಅದನ್ನೇ ಹಂಚುತ್ತದೆ. ಮಧ್ಯಾಹ್ನದೊಳಗೆ ಕಮ್ಮಾರ, ಸೂಲಗಿತ್ತಿ, ಕಂಕುಳಲ್ಲಿ ಕೂಸಿದ್ದವಳು, ಊರುಗೋಲಿನ ಅಜ್ಜ ಎಲ್ಲರೂ ಗೂನನ ಬೆನ್ನಿನಲ್ಲೇ ಬಗ್ಗಿದರು, ಗೂನನ ಹಲ್ಲನ್ನೇ ಬಿಟ್ಟರು. ತನ್ನ ವಂಶ ಇಷ್ಟು ಬೆಳೆದದ್ದು ನೋಡಿ ಅವನಿಗೆ ಹೆಮ್ಮೆಯಾಗಬೇಕಿತ್ತು. ಅವನು ಪರದೆಯಿಂದ ಮುಖ ತಿರುಗಿಸಿದ.

ಫೋನು ಬಡಿದುಕೊಂಡಿತು. ಹೆಂಡತಿ.

"ರೀ, ಆಸ್ಪತ್ರೆ ಬೆಂಚಲ್ಲಿ ಕೂತಿದೀನಿ. ರಾತ್ರಿ ಒಳಗೆ ಅಡ್ಮಿಟ್ ಆದ್ರೆ ಬೆಳಗ್ಗೆ ಆಪರೇಷನ್ನು. ಬಿಟ್ರಾ?"

"ಇನ್ನೂ ಇಲ್ಲ ಕಣೇ. ಕೇಳ್ದೆ..."

"ಬಗ್ಗಿ ಕೇಳಿದ್ರಾ?"

"ವಿಡಿಯೋ ತೆಗೆಯೋ ಹಾಗೆ ಬಗ್ಗಿ ಕೇಳ್ದೆ."

ಅವಳು ನಕ್ಕಳು. ನಗು ನೋವಿಗೆ ತಾಗಿ ಅರ್ಧಕ್ಕೇ ನಿಂತಿತು. "ನಂಗೆ ಭಯ ಆಗ್ತಿದೆ ರೀ. ನೀವು ಬರೋವರ್ಗೂ ನಾನಂತೂ ಒಳಗೆ ಹೋಗಲ್ಲ."

ಫೋನಿಟ್ಟ ಮೇಲೆ ಅವನು ಪರದೆಯನ್ನೇ ನೋಡುತ್ತ ಕೂತ. ಕೂಸಿದ್ದವಳು ಬಗ್ಗುತ್ತಲೇ ಇದ್ದಳು, ಹಲ್ಲು ಬಿಡುತ್ತಲೇ ಇದ್ದಳು. 'ಥೂ, ನಿನ್ನ ಜನ್ಮಕ್ಕಿಷ್ಟು' ಎಂದು ತನಗೇ ಉಗಿದುಕೊಂಡು, ಮೊದಲನೆಯ ಪ್ರಜೆಯ ಬೆನ್ನುಮೂಳೆಗೆ ಕೈ ಹಾಕಿದ.

ಸಂಜೆಯಾಯಿತು. ವಿಡಿಯೋ ಕಾಲ್‌ನಲ್ಲಿ ಹೊರಗಿನವರ ಮುಖಗಳು ದೊಡ್ಡ ಪರದೆಯ ಒಂದು ಮೂಲೆಯಲ್ಲಿ ಬಂದು ಕೂತವು. ಮ್ಯಾನೇಜರು ಅವುಗಳಿಗೆ ನಡು ಬಗ್ಗಿಸಿ ನಮಸ್ಕಾರ ಹಾಕಿದ. ಇವನೂ ಚೆನ್ನಾಗಿಯೇ ಬಗ್ಗುತ್ತಾನಲ್ಲ, ನನ್ನನ್ನೇಕೆ ಸಾಯಿಸಿದ ಎಂದು ಗೂನನಿಗೆ ಅನಿಸಿತು.

ರಾಜಕುಮಾರಿ ಹಾಡಿದಳು. ನಗಾರಿ ಬಡಿಯಿತು. ಕೈ ಚಾಚಿ ಕೊನೆಯ ಸಾಲಿಗೆ ಬಂದಳು. ಕೆಳಗಿದ್ದ ಊರು ಬಗ್ಗಲು ಶುರುಮಾಡಿತು, ನಡುವೆ ತಡೆಯಿತು, ಆಮೇಲೆ ಮೆಲ್ಲಗೆ ಎದ್ದು ನೆಟ್ಟಗೆ ನಿಂತಿತು. ಕಮ್ಮಾರ, ಸೂಲಗಿತ್ತಿ, ಕೂಸಿನ ತಾಯಿ, ಅಜ್ಜ ಎಲ್ಲರೂ ತಲೆಯೆತ್ತಿ, ಬಾಯಿ ಮುಚ್ಚಿ, ದೊಡ್ಡ ಪರದೆಯಿಂದ ನೇರವಾಗಿ ಮ್ಯಾನೇಜರನ್ನೇ ನೋಡತೊಡಗಿದರು. ಹಾಡು ಮುಗಿಯಿತು. ಅವರು ಕಣ್ಣು ಕದಲಿಸಲಿಲ್ಲ.

"ಏನೋ ಇದು, ಬೋಳಿಮಗನೇ! ಬಗ್ಸೋ ಅವರನ್ನ!"

"ಹಳೇದು ಅಲ್ಲೇ ಇದೆ ಸರ್. ಯಾರು ಬೇಕಾದ್ರೂ ವಾಪಸ್ ಹಾಕ್ಬೋದು."

ಅದು ನಿಜವೇ. ಟೀ ಕುಡಿದು ಬರುವಷ್ಟರಲ್ಲಿ ಊರು ಮತ್ತೆ ಬಗ್ಗಿರುತ್ತದೆ. ಅಷ್ಟೇ ಹೊತ್ತು ಬದುಕುವ ಬಂಡಾಯ ತನ್ನದು ಎಂದು ಗೂನನಿಗೆ ಗೊತ್ತಿತ್ತು. ಆದರೂ ಅವನು ಚೀಲ ಎತ್ತಿಕೊಂಡ.

"ಬಾಗಿಲು ದಾಟಿದ್ರೆ ನಾಳೆ ಬರ್ಬೇಡ!"

ಬಾಗಿಲಲ್ಲಿ ನಿಂತು, ಇಷ್ಟಾದ ಮೇಲೆ ಎದೆ ಸೆಟೆಸಿ ಹೊರಡೋಣವೆಂದು ಗೂನ ಬೆನ್ನು ನೆಟ್ಟಗೆ ಮಾಡಲು ನೋಡಿದ. ಎಲ್ಲೋ ಲಟಕ್ ಎಂದಿತು. ಊರನ್ನೆಲ್ಲ ಎತ್ತಿ ನಿಲ್ಲಿಸಿದವನ ಸ್ವಂತ ಬೆನ್ನು ಜಪ್ಪಯ್ಯ ಅನ್ನಲಿಲ್ಲ. ಗಾಜಿನಾಚೆ ಯಾರೂ ನಗಲಿಲ್ಲ. ಬಗ್ಗಿಕೊಂಡೇ ಬಾಗಿಲು ದಾಟಿ, ಬಗ್ಗಿಕೊಂಡೇ ಮೆಟ್ಟಿಲಿಳಿದ. ಬೀದಿಗೆ ಬಂದು ಫೋನು ಮಾಡಿದ.

"ರಜಾ ಕೊಟ್ರಾ?" ಎಂದಳು.

"ಇಲ್ಲ," ಎಂದ. "ಬರ್ತಿದೀನಿ."