ದೊಡ್ಡಗದ್ದೆಯ ನಟ್ಟಿ

“ಬಗ್ಗು ಮುಂಡೆ, ಬಗ್ಗು! ಹೆಣ ಎದ್ದು ಓಡಿಹೋಗಲ್ಲ. ನಟ್ಟಿ ಮುಗಿಸ್ಕಂಡು ಹೋಗಿ ಹೂತ್ರಾತು.”

ಗದ್ದೆಯಂಚಿನ ಮೇಲೆ ಕೊಡೆ ಹಿಡಿದು ನಿಂತಿದ್ದ ವಾಸಪ್ಪಗೌಡರು ಕೂಗಿದರು. ಕೆಸರಿನಲ್ಲಿದ್ದ ಹುಲಿಯಮ್ಮ ಕೈಯಲ್ಲಿದ್ದ ಸಸಿಯ ಕಟ್ಟನ್ನು ಬಿಚ್ಚಲೂ ಇಲ್ಲ, ಬಿಸಾಡಲೂ ಇಲ್ಲ. ಬೆಳಕು ಹರಿಯುವ ಹೊತ್ತಿಗೆ ಅವಳ ಅತ್ತೆ ಬಚ್ಚಿ ಸತ್ತುಹೋಗಿದ್ದಳು. ಗಂಜಿನೀರು ಕುಡಿಸೋಣವೆಂದು ತಲೆ ಎತ್ತಿದರೆ ಕುತ್ತಿಗೆ ವಾಲಿತ್ತು. ಸುದ್ದಿ ಹೇಳಲು ಗೌಡರ ಅಂಗಳಕ್ಕೆ ಓಡಿದ ಗಂಡ ಬೆಳ್ಳಪ್ಪ ತಿರುಗಿ ಬರುವಾಗ ಹೆಗಲ ಮೇಲೆ ನೊಗ ಹೊತ್ತಿದ್ದ. ಅವನ ಹಿಂದೆಯೇ ಬಂದ ಗೌಡರು ಇಡೀ ಕೇರಿಯನ್ನು ಗದ್ದೆಗೆ ಎಬ್ಬಿಸಿದ್ದರು. ಗುಡಿಸಲಿಗೆ ಬಾಗಿಲಿರಲಿಲ್ಲ. ತಟ್ಟಿ ಅಡ್ಡವಿಟ್ಟು, ನಾಯಿ ನುಗ್ಗದಿರಲೆಂದು ಅದಕ್ಕೊಂದು ಒರಳುಕಲ್ಲು ಆನಿಸಿ ಹುಲಿಯಮ್ಮ ಬಂದಿದ್ದಳು.

ಕವಲೇದುರ್ಗದ ಬುಡದ ಆ ಕೇರಿಯಲ್ಲಿ ಆ ವರ್ಷ ಆಳೇ ಇರಲಿಲ್ಲ. ರಟ್ಟೆ ಗಟ್ಟಿಯಿದ್ದವರೆಲ್ಲ ಲಿಂಗನಮಕ್ಕಿ ಕಟ್ಟೆಯ ಕೆಲಸಕ್ಕೆ ಹೋಗಿಬಿಟ್ಟಿದ್ದರು. ಉಳಿದವರು ಹದಿನೇಳು ಹೆಂಗಸರು, ನಾಲ್ಕು ಗಂಡಸರು. ದೊಡ್ಡಗದ್ದೆಯ ನಟ್ಟಿ ಹಿಡಿದ ದಿನವೇ ಮುಗಿಯಬೇಕೆಂಬುದು ಗೌಡರ ಮನೆಯ ಕಟ್ಟಳೆ. ಕೇರಿಯಲ್ಲಿ ಸಾವಾದರೆ ಮೂರು ದಿನ ಅಲ್ಲಿಯವರು ಸಸಿ ಮುಟ್ಟಬಾರದೆಂಬುದೂ ಅದೇ ಮನೆಯ ಕಟ್ಟಳೆ. ಈ ಗಂಟು ಬಿಡಿಸಲೆಂದು ಪುರೋಹಿತ ಗಜಾನನ ಭಟ್ಟರನ್ನು ಕರೆಸಿದ್ದರು.

ಭಟ್ಟರು ಮಾರು ದೂರದಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು. “ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆ ಸೂತಕ ಗೌಡ್ರೆ. ಬೀಳದಿದ್ರೆ ಎಂತದೂ ಇಲ್ಲ.”

“ಕೇಳಿದ್ರೇನ್ರೇ?” ಗೌಡರು ಹೆಂಗಸರತ್ತ ತಿರುಗಿದರು. “ಮುದುಕಿ ಇನ್ನೂ ಸತ್ತಿಲ್ಲ. ಸಂಜೆ ಸಾಯ್ತಾಳೆ. ಅಲ್ಲೀವರೆಗೆ ಯಾವಳಾದ್ರೂ ಅತ್ಲೋ, ನಾಲಿಗೆ ಸೀಳ್ತೀನಿ.”

ಬೆಳ್ಳಪ್ಪ ಎತ್ತುಗಳನ್ನು ನಿಲ್ಲಿಸಿ ಹತ್ತಿರ ಬಂದ. “ಒಡೆಯಾ, ಹೆಣದ ಹತ್ರ ಒಬ್ರನ್ನಾದ್ರೂ ಬಿಟ್ಟಿದ್ರೆ...”

“ಹೆಣ ಅಂತೀಯೇನೋ ಬೋಳಿಮಗನೆ?” ಗೌಡರು ಕೊಡೆ ಮಡಚಿ ಅದರ ಹಿಡಿಯಿಂದ ಅವನ ಹಣೆಗೆ ಬೀಸಿದರು. ಹುಬ್ಬು ಒಡೆಯಿತು. “ಈಗ ಹೇಳು, ನಿಮ್ಮವ್ವ ಎಂತ ಮಾಡ್ತಿದಾಳೆ?”

ಬೆಳ್ಳಪ್ಪ ಹೆಂಡತಿಯ ಮುಖ ನೋಡಲಿಲ್ಲ. “ಮಲಗೈತೆ ಒಡೆಯಾ,” ಎಂದ.

ಹೆಂಗಸರು ಸಾಲುಹಿಡಿದು ಬಗ್ಗಿದರು. ಸಸಿ ಕೆಸರಿಗಿಳಿಯುವ ಸದ್ದಷ್ಟೇ. ಗೌಡರಿಗೆ ಅದೂ ಸೈರಣೆಯಾಗಲಿಲ್ಲ.

“ಎಂತದ್ರೇ ಇದು, ಬಾಯಿಗೆ ಮಣ್ಣು ಹಾಕ್ಕಂಡೀರೇನು? ಪದ ಹೇಳ್ರೇ! ಏ ಹುಲಿಯಾ, ನೀನೇ ಎತ್ತು.”

ನಲವತ್ತು ಮಳೆಗಾಲ ಆ ಗದ್ದೆಯಲ್ಲಿ ಪದದ ಮೊದಲ ಸಾಲು ಎತ್ತಿದವಳು ಬಚ್ಚಿ. ಸೊಸೆಯಾಗಿ ಬಂದ ವರ್ಷ ಹುಲಿಯಮ್ಮನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ಉಸಿರು ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು ಎಂದು ಕಲಿಸಿದ್ದಳು. ಈಗ ಗಂಟಲು ಕಟ್ಟಿಹೋದೀತು ಎಂದುಕೊಂಡರೆ ಕಟ್ಟಲಿಲ್ಲ. ಪದ ಸಲೀಸಾಗಿ, ಇಂಪಾಗಿಯೇ ಬಂತು. ಹಿಂದಿನಿಂದ ಹದಿನಾರು ಕೊರಳು ಸೇರಿದವು. ತನ್ನ ದನಿ ತನಗೇ ಹೇಸಿಗೆಯಾಗಿ ಹುಲಿಯಮ್ಮ ಸಸಿಗಳನ್ನು ಬೆರಳು ನೋಯುವಷ್ಟು ಆಳಕ್ಕೆ ಒತ್ತಿದಳು.

ಮಧ್ಯಾಹ್ನ ಗೌಡರ ಹೆಂಡತಿ ವರದಮ್ಮ ಗಂಜಿ ಹೊರಿಸಿಕೊಂಡು ಬಂದರು. ದಿನಾ ನಿಲ್ಲುತ್ತಿದ್ದ ಜಾಗಕ್ಕಿಂತ ಎರಡು ಹೆಜ್ಜೆ ಹಿಂದೆ ನಿಂತರು.

“ನಿಮ್ಮತ್ತೆ ಹ್ಯಾಂಗಿದಾಳೆ ಹುಲಿಯಾ?”

ಹುಲಿಯಮ್ಮ ಅಡಿಕೆಹಾಳೆ ಚಾಚಿಕೊಂಡು ಕೂತಿದ್ದಳು. ಅಂಚಿನ ಮೇಲೆ ಗೌಡರು ಅವಳನ್ನೇ ನೋಡುತ್ತಿದ್ದರು.

“ಹಂಗೇ ಅದಾಳೆ ಅಮ್ಮಾ.”

“ಹಂಗಾದ್ರೆ ಬಡಿಸ್ಬಹುದು,” ಎಂದು ವರದಮ್ಮ ಮೇಲಿನಿಂದ ಗಂಜಿ ಹೊಯ್ದರು.

ಕೊನೆಯ ಸಸಿ ನೆಟ್ಟಾಗ ಹೊತ್ತು ಇನ್ನೂ ಗುಡ್ಡದ ಮೇಲಿತ್ತು. ಎಲ್ಲರೂ ಗುಡಿಸಲಿಗೆ ಓಡಿದರು. ತಟ್ಟಿ ಇಟ್ಟ ಹಾಗೇ ಇತ್ತು, ಕಲ್ಲೂ ಇತ್ತು. ಹೆಗ್ಗಣಗಳು ನೆಲ ಕೊರೆದು ಬಂದಿದ್ದವು. ಮುದುಕಿಯ ಬಲಗಾಲಿನ ಬೆರಳುಗಳಿರಲಿಲ್ಲ. ಒಂದು ಕಿವಿಯ ಅಂಚೂ ಇರಲಿಲ್ಲ. ಬೆಳ್ಳಪ್ಪ ಹೊರಗೆ ಹೋಗಿ ಮಧ್ಯಾಹ್ನದ ಗಂಜಿಯನ್ನೆಲ್ಲ ಕಾರಿದ. ಹುಲಿಯಮ್ಮ ಸೆರಗು ಹರಿದು ಆ ಪಾದಕ್ಕೆ ಸುತ್ತಿದಳು, ಕೂಸಿನ ಕಾಲಿಗೆ ಸುತ್ತುವಷ್ಟು ಮೆಲ್ಲಗೆ. ಈಗ ಅಳಲು ಅಪ್ಪಣೆಯಿತ್ತು. ಯಾರಿಗೂ ಅಳು ಬರಲಿಲ್ಲ.

ಬಿದಿರಿನ ಚಟ್ಟಕ್ಕೆ ಹೆಗಲು ಕೊಡಲು ಗಂಡಸರಲ್ಲಿ ಒಬ್ಬ ಕಮ್ಮಿಯಾದ. ನಾಲ್ಕನೆಯವನಾಗಿದ್ದ ಮುದುಕನಿಗೆ ನಡೆಯುವುದೇ ಕಷ್ಟವಿತ್ತು. ಹೆಂಗಸರು ಹೊರುವ ರೂಢಿ ಆ ಕೇರಿಯಲ್ಲಿರಲಿಲ್ಲ. ಹುಲಿಯಮ್ಮ ಯಾರನ್ನೂ ಕೇಳದೆ ಹಿಂದಿನ ಬಿದಿರಿಗೆ ಹೆಗಲಿಟ್ಟಳು.

ಹೂಳುವ ಜಾಗಕ್ಕೆ ದೊಡ್ಡಗದ್ದೆಯ ಅಂಚೇ ದಾರಿ. ಅಲ್ಲಿ ಗೌಡರು ನಿಂತಿದ್ದರು. ಪಕ್ಕದಲ್ಲಿ ಮನೆಯಾಳು ಅಂಜನಪ್ಪ, ಕೈಯಲ್ಲಿ ದೊಣ್ಣೆ.

“ಎಲ್ಲಿಗ್ರೋ? ಹೊಸ ಪೈರನ್ನ ಹೆಣ ದಾಟ್ಬಾರ್ದು ಅಂದಿದಾರೆ ಭಟ್ರು. ಹಳ್ಳ ಸುತ್ತಿ ಹೋಗಿ.”

“ಹಳ್ಳ ತುಂಬೈತೆ ಒಡೆಯಾ,” ಬೆಳ್ಳಪ್ಪ ಅಂಗಲಾಚಿದ. “ಬದುಕಿರೋರೇ ದಾಟಕ್ಕಾಗಲ್ಲ.”

“ಹಂಗಾದ್ರೆ ಮೂರು ದಿನ ಇಟ್ಕಳಿ. ಬೆಳಿಗ್ಗಿಂದ ಕಾದವಳಿಗೆ ಮೂರು ದಿನ ಕಾಯಕ್ಕೆ ಎಂತ ದಾಡಿ?”

ಬೆಳ್ಳಪ್ಪ ಚಟ್ಟ ತಿರುಗಿಸಲು ನೋಡಿದ. ಹಿಂದಿನ ಹೆಗಲು ಅಲುಗಲಿಲ್ಲ.

“ತಿರುಗೇ ಮಾರಾಯ್ತಿ.”

“ಎಲ್ಲಿಗೆ? ಹೆಗ್ಗಣದ ಬಾಯಿಗಾ?” ಹುಲಿಯಮ್ಮ ಗೌಡರ ಮುಖವನ್ನೇ ನೋಡಿದಳು. ಸೊಸೆಯಾಗಿ ಬಂದಾಗಿನಿಂದ ಅವಳು ಆ ಮುಖವನ್ನು ನೆಟ್ಟಗೆ ನೋಡಿರಲಿಲ್ಲ. “ದಾಟ್ಬಾರ್ದು ಅಂದ್ರಲ್ಲ ಒಡೆಯಾ, ಬಿಡಿ. ದಾಟಲ್ಲ.”

ಹಾಗೆಂದವಳೇ ಅಂಚಿನಿಂದ ಗದ್ದೆಗಿಳಿದಳು. ಚಟ್ಟದ ಜೊತೆ ಬೆಳ್ಳಪ್ಪನೂ ಉಳಿದಿಬ್ಬರೂ ಇಳಿಯಲೇಬೇಕಾಯಿತು. ಸಸಿಗಳು ಕಾಲಡಿ ಮಲಗಿದವು. ನಡುಗದ್ದೆಗೆ ಹೋಗಿ ಚಟ್ಟ ಇಳಿಸಿ, ಅದರ ಜೊತೆ ತಂದಿದ್ದ ಗುದ್ದಲಿ ಎತ್ತಿಕೊಂಡಳು.

“ಏ ಸೂಳೆ! ಅನ್ನದ ಗದ್ದೆ ಕಣೇ ಅದು!” ಗೌಡರ ದನಿ ಒಡೆಯಿತು. “ಅಂಜನಪ್ಪಾ, ಹೊಡಿಯೋ!”

ಅಂಜನಪ್ಪ ದೊಣ್ಣೆ ಹಿಡಿದು ಅಂಚಿನ ತುದಿಯವರೆಗೆ ಬಂದ. ಬಟ್ಟೆ ಸುತ್ತಿದ ಆ ಪಾದ ಕಂಡು ನಿಂತ.

“ಥೂ ಹೇಡಿ! ಓಡು, ಕೋವಿ ತಗಂಡು ಬಾ!”

ಅಂಜನಪ್ಪ ಮನೆಯ ಕಡೆ ಓಡುವುದು ಹುಲಿಯಮ್ಮನಿಗೆ ಕಾಣಿಸಿತು. ಅವಳು ಗುದ್ದಲಿ ನಿಲ್ಲಿಸಲಿಲ್ಲ. ಅಗೆದಷ್ಟೂ ಗುಂಡಿಗೆ ಕೆಸರುನೀರು ನುಗ್ಗುತ್ತಿತ್ತು. ಎದುರಿಗೆ ನಿಂತಿದ್ದ ಬೆಳ್ಳಪ್ಪ ಬಗ್ಗಿ, ಬರಿಗೈಯಲ್ಲೇ ಮಣ್ಣು ಎಳೆಯತೊಡಗಿದ. ಚಟ್ಟದ ಹಿಂದೆ ಬಂದು ಅಂಚಿನ ಮೇಲೆ ನಿಂತಿದ್ದ ಹೆಂಗಸರಲ್ಲಿ ಒಬ್ಬಳು ಇಳಿದಳು, ಆಮೇಲೆ ಇನ್ನಿಬ್ಬರು, ಆಮೇಲೆ ಎಲ್ಲರೂ. ಮಳೆಗೆಂದು ಬೆನ್ನಿಗೆ ಹೊದ್ದಿದ್ದ ಎಲೆಯ ಗೊರಬುಗಳನ್ನು ಬಿಚ್ಚಿ, ಮಗುಚಿ ಹಿಡಿದು, ಗುಂಡಿಯ ನೀರು ಮೊಗೆದು ಮೊಗೆದು ಎರಚಿದರು.

ಗೌಡರ ಮನೆಯ ಅಂಗಳದಲ್ಲಿ ನಾಯಿಗಳು ಬೊಗಳಲು ಹತ್ತಿದವು. ಗುಂಡಿ ಇನ್ನೂ ಮೊಣಕಾಲುದ್ದವೂ ಆಗಿರಲಿಲ್ಲ.